"ಹಾಳಾದ್ರೆ ಇನ್ನೊಂದು ಹಾಕಿಸಿದ್ರಾಯ್ತು" ಅನ್ನೋ ಸುಳ್ಳು

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ರಿಲೀಸು, ಡೆಡ್‌ಲೈನು ಅಂತ ಮಾಮೂಲಿ ನೆಪಗಳು ಇದ್ದೇ ಇವೆ, ಅದನ್ನ ಬಿಡಿ. ಈ ಸಲ ಕೀಲಿಮಣೆ ಕುಟ್ಟೋಕೆ ಕೂತಿರೋದು ಸಿಟ್ಟಿನಿಂದ. ಓದಿ ಬೈಯೋದಿದ್ರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ತನ್ನ ತಾಯಿಗೆ ಮಂಡಿ ಆಪರೇಷನ್ ಫಿಕ್ಸ್ ಆಗಿದೆ ಅಂದ. "ಯಾವ ಇಂಪ್ಲಾಂಟು?" ಅಂತ ಕೇಳಿದೆ. "ಅದೆಲ್ಲ ಗೊತ್ತಿಲ್ಲ ಮಾರಾಯ, ಡಾಕ್ಟ್ರು ಒಳ್ಳೇದೇ ಹಾಕ್ತಾರೆ. ಹದಿನೈದಿಪ್ಪತ್ತು ವರ್ಷ ಬರತ್ತಂತೆ. ಹಾಳಾದ್ರೆ ಇನ್ನೊಂದು ಹಾಕಿಸಿದ್ರಾಯ್ತು" ಅಂದ. ಇವನೇ ಮೊನ್ನೆ ಒಂದು ಫೋನ್ ಕೊಳ್ಳೋಕೆ ಮೂರು ವಾರ ರಿವ್ಯೂ ಓದಿದವನು!

ಈ ಮಾತನ್ನ ನಾನು ಮೊದಲು ಕೇಳಿದ್ದು 2016ರಲ್ಲಿ. ಆಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. ನನ್ನ ಅವ್ವನಿಗೆ 54 ವರ್ಷ. ನಾಪೋಕ್ಲು ಕಡೆಯವರಿಗೆ ಹೇಳಬೇಕಾಗಿಲ್ಲ, ನಮ್ಮ ತೋಟಗಳಲ್ಲಿ ಸಮತಟ್ಟು ಜಾಗ ಅಂದರೆ ಕಾಫಿ ಕಣ ಮಾತ್ರ. ಉಳಿದದ್ದೆಲ್ಲ ಹತ್ತೋದು, ಇಳಿಯೋದು, ಕುಕ್ಕರುಗಾಲಲ್ಲಿ ಕೂತು ಉದುರಿದ ಕಾಫಿ ಹೆಕ್ಕೋದು. ಮೂವತ್ತು ವರ್ಷ ಅದನ್ನೇ ಮಾಡಿದ ಮೇಲೆ ಅವ್ವನ ಬಲಗಾಲಿನ ಮಂಡಿ ಸವೆದು ಹೋಯ್ತು. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ (ಹೆಸರು ಬೇಡ, ನನ್ನ ಜಗಳ ಒಂದು ಆಸ್ಪತ್ರೆ ಜೊತೆ ಅಲ್ಲ) ಆಪರೇಷನ್ ಆಯ್ತು. ಆ ವರ್ಷದ ಕರಿಮೆಣಸಿನ ದುಡ್ಡು ಪೂರ್ತಿ ಅಲ್ಲಿಗೇ ಹೋಯ್ತು. ಅವ್ವ "ಇದು ಎಷ್ಟು ವರ್ಷ ಬರತ್ತೆ?" ಅಂತ ಕೇಳಿದ್ದಕ್ಕೆ ಬಂದ ಉತ್ತರ ಇದೇ. ಹಾಳಾದ್ರೆ ಇನ್ನೊಂದು ಹಾಕಿಸಿದ್ರಾಯ್ತು.

ಐದು ವರ್ಷ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನಿಜಕ್ಕೂ ಚೆನ್ನಾಗಿತ್ತು. ಆಮೇಲೆ 2021ರ ಮಳೆಗಾಲದಲ್ಲಿ ನೋವು ಶುರುವಾಯ್ತು. ಒಬ್ಬರು ಸೊಂಟದಿಂದ ಅಂದರು, ಒಬ್ಬರು ತೂಕದಿಂದ ಅಂದರು, ಒಬ್ಬರು "ಎಕ್ಸ್‌ರೇ ಸರಿ ಇದೆ, ನಿಮಗೆ ಹಾಗನ್ನಿಸತ್ತೆ ಅಷ್ಟೇ" ಅಂದರು. ಎರಡು ವರ್ಷ ಹೀಗೇ ಹೋಯ್ತು. ಕೊನೆಗೆ ಇನ್ನೊಂದು ಕಡೆ ನೋಡಿ, ಮಂಡಿಯಿಂದ ನೀರು ತೆಗೆದು ಸೋಂಕು ಇಲ್ಲ ಅಂತ ಖಚಿತ ಮಾಡಿಕೊಂಡು, "ಕೆಳಗಿನ ಮೂಳೆಗೆ ಕೂರಿಸಿದ ಲೋಹದ ತಟ್ಟೆ ಸಡಿಲವಾಗಿದೆ, ರಿವಿಷನ್ ಮಾಡಬೇಕು" ಅಂದರು. 2023ರ ಜೂನಿನಲ್ಲಿ ಎರಡನೇ ಆಪರೇಷನ್ ಆಯ್ತು.

ರಿವಿಷನ್! ನಮಗೆಲ್ಲ ರಿವಿಷನ್ ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ತಿರುವಿ ಹಾಕೋದು. ಎಷ್ಟು ಮುಗ್ಧ ಪದ ನೋಡಿ. ಅದರೊಳಗೆ ಏನಿದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲ ಆಪರೇಷನ್ನನ್ನ ನಾವು "ಚಿಪ್ಪು ಬದಲಾಯಿಸೋದು" ಅಂತೀವಿ. ನಿಜಕ್ಕೂ ಅಲ್ಲಿ ನಡೆಯೋದು ತೊಡೆ ಮೂಳೆಯ ಕೆಳತುದಿ ಮತ್ತು ಕಣಕಾಲಿನ ಮೂಳೆಯ ಮೇಲ್ತುದಿಯನ್ನ ಅಳತೆಗೆ ಕತ್ತರಿಸಿ, ಎರಡಕ್ಕೂ ಲೋಹದ ಟೋಪಿ ಹಾಕಿ, ಮಧ್ಯೆ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕೂರಿಸೋದು. ಸಾಮಾನ್ಯವಾಗಿ ಲೋಹವನ್ನ ಮೂಳೆಗೆ ಅಂಟಿಸೋದು ಒಂದು ಬಗೆಯ ಸಿಮೆಂಟಿನಿಂದ. ಎರಡನೇ ಸಲ ಏನಾಗತ್ತೆ ಅಂದರೆ, ಆ ಲೋಹವನ್ನೂ ಸಿಮೆಂಟನ್ನೂ ಕಿತ್ತು ತೆಗೀಬೇಕು. ಗೋಡೆಯ ಹಳೇ ಟೈಲ್ಸ್ ಕೀಳುವಾಗ ಗಾರೆಯೂ ಜೊತೆಗೆ ಬರತ್ತಲ್ಲ, ಹಾಗೆ ಮೂಳೆಯೂ ಹೋಗತ್ತೆ. ಸಡಿಲವಾಗಿದ್ದರೆ ಅದರ ಸುತ್ತ ಮೂಳೆ ಆಗಲೇ ಕರಗಿರತ್ತೆ. ಹಾಗಾಗಿ ಹೊಸದನ್ನ ನಿಲ್ಲಿಸೋಕೆ ಮೂಳೆಯ ಕೊಳವೆಯೊಳಗೆ ಉದ್ದದ ರಾಡು, ಖಾಲಿ ಜಾಗ ತುಂಬೋಕೆ ಲೋಹದ ತುಂಡು, ಕಟ್ಟುನರಗಳು ಸಡಿಲವಾಗಿದ್ದರೆ ಬಾಗಿಲಿನ ತಿರುಗಣೆಯಂಥ ಜೋಡಣೆ. ಸೋಂಕಾಗಿದ್ದರಂತೂ ಎಷ್ಟೋ ಸಲ ಎರಡು ಆಪರೇಷನ್. ಮೊದಲು ಎಲ್ಲ ಕಿತ್ತು ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತುಂಡು ಇಟ್ಟು ವಾರಗಟ್ಟಲೆ ಕಾಯಬೇಕು, ಸೋಂಕು ಹೋಯ್ತು ಅಂತ ನಂಬಿಕೆ ಬಂದ ಮೇಲೆ ಹೊಸದು. ಯಾವುದೂ ಆಗದಿದ್ದರೆ ಕೊನೆಗೆ ಮಂಡಿಯನ್ನ ಮಡಚದ ಹಾಗೆ ಕೂಡಿಸಿಬಿಡೋದು, ಇಲ್ಲವೇ ತೊಡೆಯಿಂದ ಕೆಳಗೆ ಕಾಲು ತೆಗೆಯೋದು. ಇದು "ಇನ್ನೊಂದು ಹಾಕಿಸಿದ್ರಾಯ್ತು" ಅನ್ನೋ ಥರದ ಕೆಲಸವಾ ನೀವೇ ಹೇಳಿ.

ಈಗ ಲೆಕ್ಕಕ್ಕೆ ಬರೋಣ. ಮೊದಲ ಆಪರೇಷನ್ ಒಳ್ಳೇ ಆಪರೇಷನ್, ಇದನ್ನ ಒತ್ತಿ ಹೇಳ್ತೀನಿ. ಬೇರೆ ದೇಶಗಳ ರಿಜಿಸ್ಟ್ರಿಗಳ ಅಂಕಿ ಒಟ್ಟುಗೂಡಿಸಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು 82% 25 ವರ್ಷ ಉಳಿಯತ್ತೆ. ಆದರೆ ಇದು ಎಲ್ಲ ವಯಸ್ಸಿನವರದ್ದು ಸೇರಿಸಿದ ಲೆಕ್ಕ. ವಯಸ್ಸು ಕಡಿಮೆ ಇದ್ದಷ್ಟೂ ಜೀವಮಾನದಲ್ಲಿ ಮತ್ತೊಮ್ಮೆ ಆಪರೇಷನ್ ಆಗೋ ಸಾಧ್ಯತೆ ಹೆಚ್ಚು. 2017ರ ಬ್ರಿಟಿಷ್ ಲೆಕ್ಕ ಒಂದಿದೆ. 70 ದಾಟಿದವರಿಗೆ ಆ ಸಾಧ್ಯತೆ ಸುಮಾರು 5%. ಐವತ್ತರ ಮೊದಲ ವರ್ಷಗಳಲ್ಲಿ ಮಾಡಿಸಿಕೊಂಡ ಗಂಡಸರಿಗೆ ಸುಮಾರು 35%! ಹೆಂಗಸರಿಗೆ ಅಷ್ಟಿಲ್ಲ, ಆದರೂ 70 ದಾಟಿದವರಿಗಿಂತ ಎಷ್ಟೋ ಜಾಸ್ತಿ. 54ರ ಅವ್ವನಿಗೆ ಇದನ್ನ ಯಾರೂ ಹೇಳಲಿಲ್ಲ.

ಎರಡನೇ ಸಲದ್ದು ಎಷ್ಟು ಬಾಳತ್ತೆ? ಇಂಗ್ಲೆಂಡ್ ಮತ್ತು ವೇಲ್ಸಿನ ಜಾಯಿಂಟ್ ರಿಜಿಸ್ಟ್ರಿಯ ಅಂಕಿಗಳನ್ನಿಟ್ಟುಕೊಂಡು 2021ರಲ್ಲಿ ಇದನ್ನೂ ಲೆಕ್ಕ ಹಾಕಿದ್ದಾರೆ. ಮೊದಲ ರಿವಿಷನ್ ಆದವರಲ್ಲಿ ಐದರಲ್ಲೊಬ್ಬರಿಗೆ 13 ವರ್ಷದೊಳಗೆ ಮತ್ತೆ ಆಪರೇಷನ್. ಎರಡನೇ ರಿವಿಷನ್ ಆದವರಲ್ಲಿ ಐದರಲ್ಲೊಬ್ಬರಿಗೆ 5 ವರ್ಷದೊಳಗೆ. ಮೂರನೆಯದಾದವರಲ್ಲಿ ಐದರಲ್ಲೊಬ್ಬರಿಗೆ 3 ವರ್ಷದೊಳಗೆ.

13, 5, 3. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಪ್ರತಿ ಸಲವೂ ಬಾಳಿಕೆ ಕುಗ್ಗುತ್ತಾ ಹೋಗತ್ತೆ. ಮೊದಲನೆಯದು ಬೇಗ ಕೈಕೊಟ್ಟಷ್ಟೂ ಮುಂದಿನದ್ದೂ ಬೇಗ ಕೈಕೊಡತ್ತೆ. ಇದು "ಉಳಿದಿದೆ" ಅನ್ನೋ ಲೆಕ್ಕ ಮಾತ್ರ. ಉಳಿದಿದೆ ಅಂದರೆ ಒಳಗಡೆ ಇದೆ ಅಂತ ಅಷ್ಟೇ ಅರ್ಥ. ನೋವು ಹೋಯ್ತಾ, ಮೆಟ್ಟಿಲು ಹತ್ತಕ್ಕಾಗತ್ತಾ ಅನ್ನೋದು ಬೇರೆ ಪ್ರಶ್ನೆ. ಮೊದಲ ಆಪರೇಷನ್ ಆದವರಲ್ಲೇ ಸುಮಾರು ಐದರಲ್ಲೊಬ್ಬರು ತೃಪ್ತಿ ಇಲ್ಲ ಅಂತಾರೆ. ರಿವಿಷನ್ ಆದಮೇಲೆ ಹಾಗನ್ನೋರು ಇನ್ನೂ ಜಾಸ್ತಿ. ನೋವಿಗೆ ಕಾರಣ ಪತ್ತೆಯಾಗದೇ ಸುಮ್ಮನೆ ಬಿಚ್ಚಿ ಕಟ್ಟಿದರಂತೂ ಫಲ ತೀರಾ ಕಡಿಮೆ.

"ಸರಿ, ಇವೆಲ್ಲ ಫಾರಿನ್ ಲೆಕ್ಕ. ನಮ್ಮದೆಷ್ಟು?" ಅಂತ ಕೇಳ್ತೀರಾ? ನಾನೂ ಅದನ್ನೇ ಕೇಳ್ತಿರೋದು. ಸಿಟ್ಟು ಬಂದಿರೋದೇ ಅಲ್ಲಿ!

ಸ್ವೀಡನ್ನಿನವರು ಮಂಡಿ ಲೆಕ್ಕ ಬರೆಯೋಕೆ ಶುರು ಮಾಡಿದ್ದು 1975ರಲ್ಲಿ. ಆಸ್ಟ್ರೇಲಿಯಾ 1999ರಲ್ಲಿ, ಇಂಗ್ಲೆಂಡು 2003ರಲ್ಲಿ. ಯಾರ ಕಾಲಿಗೆ, ಯಾವ ಕಂಪನಿಯ, ಯಾವ ಮಾಡೆಲ್, ಯಾವತ್ತು ಹಾಕಿದ್ದು, ಯಾವತ್ತು ತೆಗೆದದ್ದು, ಯಾಕೆ, ಎಲ್ಲ ಒಂದು ಕಡೆ. ನಮ್ಮಲ್ಲಿ ಹಿಪ್-ನೀ ಸರ್ಜನ್ನರ ಸಂಘ 2006ರಲ್ಲೇ ಒಂದು ರಿಜಿಸ್ಟ್ರಿ ಶುರು ಮಾಡಿತು, ಮೆಚ್ಚಬೇಕಾದ್ದೇ. ಆದರೆ ಅದು ಸ್ವಯಂಪ್ರೇರಿತ. ಇಷ್ಟ ಇದ್ದವರು ತುಂಬಬಹುದು, ಇಲ್ಲದವರು ಬಿಡಬಹುದು. ಕೆಟ್ಟ ಫಲಿತಾಂಶವನ್ನ ಇಷ್ಟಪಟ್ಟು ತುಂಬೋರು ಎಷ್ಟು ಮಂದಿ ಇದ್ದಾರು? ನಮ್ಮ ಫೀಲ್ಡಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಬಗ್ ಟ್ರ್ಯಾಕರ್ ಇದೆ, ಆದರೆ ಬಗ್ ಹಾಕೋದು ಡೆವಲಪರ್ ಮರ್ಜಿ :-) ಅಂಥ ಪ್ರಾಜೆಕ್ಟಿನಲ್ಲಿ "ನಮ್ಮದು ಜೀರೋ ಡಿಫೆಕ್ಟ್" ಅಂತ ಮ್ಯಾನೇಜರ್ ಹೇಳಿದರೆ ನೀವು ನಂಬ್ತೀರಾ?

ಲೆಕ್ಕ ಇಲ್ಲದಿದ್ದರೆ ಏನಾಗತ್ತೆ ಅನ್ನೋದಕ್ಕೆ ಮಂಡಿಯದ್ದಲ್ಲ, ಸೊಂಟದ ಕೀಲಿನ ಕತೆ ಕೇಳಿ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡೆಪ್ಯೂ ಕಂಪನಿಯ ಎಎಸ್ಆರ್ ಅನ್ನೋ ಸೊಂಟದ ಕೀಲು ಬೇಗ ಕೆಡ್ತಿದೆ ಅಂತ ಆಸ್ಟ್ರೇಲಿಯಾದ ರಿಜಿಸ್ಟ್ರಿ ಮೊದಲೇ ಎಚ್ಚರಿಸಿತ್ತು. ಅಲ್ಲಿ 2009ರ ಕೊನೆಗೇ ಅದನ್ನ ವಾಪಸು ಪಡೆದರು. ಪ್ರಪಂಚದಾದ್ಯಂತ ವಾಪಸು ಪಡೆದದ್ದು 2010ರ ಆಗಸ್ಟಿನಲ್ಲಿ. ಭಾರತದಲ್ಲಿ ಅಷ್ಟರಲ್ಲಿ ಸುಮಾರು 4,700 ಆಪರೇಷನ್ ಆಗಿಹೋಗಿತ್ತು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ, ಆ ವರದಿ ಜನರ ಕೈಗೆ ಸಿಕ್ಕಿದ್ದು 2018ರಲ್ಲಿ. ಅಷ್ಟೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಪತ್ತೆಯೇ ಇರಲಿಲ್ಲ. ತಮ್ಮ ಸೊಂಟದಲ್ಲಿ ಇರೋದು ಅದೇ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ! ಪರಿಹಾರ ಘೋಷಿಸಿದರೂ ತೊಗೊಳ್ಳೋರು ಯಾರು, ಎಲ್ಲಿ?

ಮಂಡಿಯದ್ದೇ ಉದಾಹರಣೆ ಬೇಕಾ? ಅಮೆರಿಕದ ಎಕ್ಸಾಕ್‌ಟೆಕ್ ಕಂಪನಿ ಪ್ಲಾಸ್ಟಿಕ್ ಬಿಲ್ಲೆಗಳನ್ನ ಪ್ಯಾಕ್ ಮಾಡಿದ್ದ ಚೀಲದಲ್ಲಿ ಆಮ್ಲಜನಕ ತಡೆಯೋ ಒಂದು ಪದರ ಇರಲಿಲ್ಲ. ಬಿಲ್ಲೆ ಹಾಕೋ ಮೊದಲೇ ಹಳಸೋಕೆ ಶುರು. ಒಳಗೆ ಹೋದಮೇಲೆ ಬೇಗ ಸವೆಯತ್ತೆ, ಆ ಪುಡಿಗೆ ಮೂಳೆ ಕರಗತ್ತೆ. 2021ರಲ್ಲಿ ಶುರುವಾದ ರೀಕಾಲ್ 2022ರ ಫೆಬ್ರವರಿಗೆ, 2004ರಿಂದ ಅಲ್ಲಿ ಹಾಕಿದ್ದ ಸುಮಾರು 1,47,000 ಮಂಡಿ-ಕಣಕಾಲಿನ ಬಿಲ್ಲೆಗಳವರೆಗೂ ಹಬ್ಬಿತು. ಚೀಲದ ತಪ್ಪು! ಸರ್ಜನ್ ತಪ್ಪಲ್ಲ, ರೋಗಿಯ ತೂಕದ ತಪ್ಪಲ್ಲ. ಆದರೆ ಯಾರ ಮಂಡಿಯಲ್ಲಿ ಯಾವ ಬ್ಯಾಚು ಇದೆ ಅಂತ ಬರೆದಿಟ್ಟಿದ್ದರೆ ತಾನೇ ರೀಕಾಲ್ ಅನ್ನೋ ಪದಕ್ಕೆ ಅರ್ಥ?

ಈಗ ಅವ್ವನ ಕತೆಗೆ ವಾಪಸು. ಎರಡನೇ ಸರ್ಜನ್ ಮೊದಲು ಕೇಳಿದ ಪ್ರಶ್ನೆ, "ಒಳಗಿರೋದು ಯಾವ ಕಂಪನೀದು, ಯಾವ ಸೈಜು?" ಇದು ಕುತೂಹಲದ ಪ್ರಶ್ನೆ ಅಲ್ಲ. ಬರೀ ಪ್ಲಾಸ್ಟಿಕ್ ಬಿಲ್ಲೆ ಸವೆದಿದ್ದರೆ ಅದೊಂದನ್ನೇ ಬದಲಾಯಿಸಬಹುದು, ಆದರೆ ಅದೇ ಕಂಪನಿಯ ಅದೇ ಮಾಡೆಲ್ ಬೇಕು. ಒಂದು ಭಾಗ ಗಟ್ಟಿ ಇದ್ದರೆ ಅದನ್ನ ಉಳಿಸಿಕೊಳ್ಳೋ ಯೋಚನೆ ಮಾಡಬಹುದು, ಅದಕ್ಕೂ ಹೊಂದುವ ಜೋಡಿ ಬೇಕು. ಕೀಳೋಕೆ ಬೇಕಾದ ಸಲಕರಣೆ ಕೂಡ ಕಂಪನಿಗೊಂದು ಥರ. ನಮ್ಮ ಹತ್ತಿರ ಇದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಲ ಮಂಡಿ ಬದಲಾಯಿಸಿದೆ ಅಂತ ಒಂದು ಸಾಲು, ಅಷ್ಟೇ. ಹಳೇ ಆಸ್ಪತ್ರೆಗೆ ನಾನೇ ಎರಡು ಸಲ ಹೋದೆ. "ಅಷ್ಟು ಹಳೇ ಫೈಲು ಇರಲ್ಲ ಸಾರ್."

ಇರಲ್ಲ ಅಂದರೆ ಏನು ಅಂತ ರೂಲ್ಸು ಹುಡುಕಿದೆ. ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟರೆ ಸಾಕು. 20 ವರ್ಷ ಬಾಳಬೇಕಾದ ಲೋಹ ಒಳಗಡೆ, 3 ವರ್ಷಕ್ಕೆ ರದ್ದಿಗೆ ಹೋಗೋ ಕಾಗದ ಹೊರಗಡೆ. ನಮ್ಮ ಮನೆಯ ಗ್ರೈಂಡರಿನ ವಾರಂಟಿ ಕಾರ್ಡು ಹತ್ತು ವರ್ಷದಿಂದ ಅಪ್ಪನ ಬೀರುವಿನಲ್ಲಿದೆ. ಅವ್ವನ ಮಂಡಿಯೊಳಗಿರೋದಕ್ಕೆ ಒಂದು ಚೀಟಿ ಇಲ್ಲ.

ಚೀಟಿ ಇರಲೇ ಇಲ್ಲ ಅಂತಲ್ಲ, ಗಮನಿಸಿ. ಪ್ರತಿ ಇಂಪ್ಲಾಂಟಿನ ಡಬ್ಬಿಯ ಜೊತೆಗೇ ಕಿತ್ತು ಅಂಟಿಸೋ ಸ್ಟಿಕ್ಕರುಗಳು ಬರತ್ವೆ. ಕಂಪನಿ, ಮಾಡೆಲ್, ಸೈಜು, ಲಾಟ್ ನಂಬರು ಎಲ್ಲ ಅದರಲ್ಲಿರತ್ತೆ. ಅದನ್ನ ರೋಗಿಯ ಕೈಗೂ ಒಂದು ಕೊಡೋಕೆ ಆಗೋ ಖರ್ಚು ಸೊನ್ನೆ. ಅವ್ವನ ಆಪರೇಷನ್ನಿನ ಮಾರನೇ ವರ್ಷ, 2017ರ ಆಗಸ್ಟ್ 16ಕ್ಕೆ, ನಮ್ಮ ಬೆಂಗಳೂರು ದಕ್ಷಿಣದ ಸಂಸದರೇ ಆಗಿದ್ದ ಸಚಿವ ಅನಂತ ಕುಮಾರ್ ಮಂಡಿ ಇಂಪ್ಲಾಂಟುಗಳಿಗೆ ಬೆಲೆ ಮಿತಿ ಘೋಷಿಸಿದರು. ಮಾಮೂಲಿ ಕೋಬಾಲ್ಟ್-ಕ್ರೋಮಿಯಂ ಸೆಟ್ಟಿಗೆ 54,720 ರೂಪಾಯಿ, ಅದಕ್ಕೂ ಮುಂಚೆ ಅದರ ಸರಾಸರಿ ಎಂಆರ್‌ಪಿ ಒಂದೂವರೆ ಲಕ್ಷದ ಮೇಲಿತ್ತು. ಒಳ್ಳೇ ಕೆಲಸ, ಅನುಮಾನವೇ ಇಲ್ಲ. ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆಯನ್ನ ಬೇರೆಯಾಗಿ ತೋರಿಸಿ, ಬ್ರಾಂಡು, ತಯಾರಕರು, ಬ್ಯಾಚ್ ನಂಬರು ಬರೀಬೇಕು ಅಂತ. ಬೆಲೆಯ ಸುದ್ದಿ ಎಲ್ಲ ಪೇಪರಿನ ಮುಖಪುಟದಲ್ಲಿ ಬಂತು. ಬ್ಯಾಚ್ ನಂಬರಿನ ಸುದ್ದಿ ಯಾರಿಗೂ ಬೇಕಾಗಲಿಲ್ಲ.

ಇನ್ನೂ ಒಂದು ತಮಾಷೆ ನೋಡಿ. ಅದೇ ಪಟ್ಟಿಯಲ್ಲಿ ರಿವಿಷನ್ ಸೆಟ್ಟಿಗೆ ಇಟ್ಟ ಮಿತಿ 1,13,950. ಹೆಚ್ಚುಕಮ್ಮಿ ಡಬಲ್. ಎರಡನೇ ಸಲದ್ದು ಬೇರೆಯದ್ದೇ ವಸ್ತು ಅಂತ ಸರ್ಕಾರದ ರೇಟ್ ಲಿಸ್ಟಿಗೇ ಗೊತ್ತಿದೆ. ಮಂಚದ ಪಕ್ಕ ನಿಂತು ಸಮಾಧಾನ ಹೇಳೋರಿಗೆ ಗೊತ್ತಿಲ್ವಾ?

ಈಗ ಬರೋ ಕಾಮೆಂಟುಗಳು ನನಗೆ ಗೊತ್ತು, ಮೊದಲೇ ಉತ್ತರ ಹೇಳಿಬಿಡ್ತೀನಿ.

ಒಂದು, "ಜನರನ್ನ ಹೆದರಿಸ್ತಿದ್ದೀಯ, ಆಪರೇಷನ್ ಬೇಕಾದವರೂ ಹಿಂಜರೀತಾರೆ." ಇಲ್ಲ ಸ್ವಾಮಿ. ಬೇಕಾದವರು ಖಂಡಿತ ಮಾಡಿಸಿಕೊಳ್ಳಿ, ಅವ್ವನಿಗೇ ಐದು ಒಳ್ಳೇ ವರ್ಷ ಸಿಕ್ಕಿತು. 54ಕ್ಕೆ ಮಾಡಿಸೋದಾ, ಮಾತ್ರೆ-ವ್ಯಾಯಾಮದಲ್ಲಿ ಇನ್ನೂ ನಾಲ್ಕು ವರ್ಷ ತಳ್ಳೋದಾ ಅನ್ನೋದನ್ನ ನಿಜ ಗೊತ್ತಿದ್ದು ಅವ್ವ ನಿರ್ಧರಿಸಬೇಕಿತ್ತು. ಗೊತ್ತಿದ್ದೂ ಮಾಡಿಸಿಕೊಳ್ತಿದ್ದಳೇನೋ. ಆದರೆ ಆ ನಿರ್ಧಾರ ಅವಳದ್ದಾಗಿರ್ತಿತ್ತು.

ಎರಡು, "ಕೆಳಗೆ ಕೂರೋದು, ತೂಕ, ತೋಟದ ಕೆಲಸ, ತಪ್ಪು ರೋಗಿಯದ್ದೇ." ಇರಬಹುದು. ಅವ್ವನ ತಟ್ಟೆ ಸಡಿಲವಾದದ್ದು ಅವಳ ತಪ್ಪಿನಿಂದಲೋ, ಕೂರಿಸಿದ ಕೋನದಿಂದಲೋ, ಆ ಬ್ಯಾಚಿನ ದೋಷದಿಂದಲೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದೇ ಮಾಡೆಲ್ಲಿನ ಸಾವಿರ ಮಂಡಿಗಳ ಲೆಕ್ಕ ಇದ್ದಿದ್ದರೆ ಗೊತ್ತಾಗ್ತಿತ್ತು. ಲೆಕ್ಕ ಇಡದೇ ಇದ್ದಾಗ ತಪ್ಪು ಯಾವಾಗಲೂ ದುರ್ಬಲರ ತಲೆಗೇ ಬಂದು ಕೂರತ್ತೆ. ಇದು ನನ್ನ ಮುಖ್ಯ ತಕರಾರು.

ಮೂರು, "ಡಾಕ್ಟರುಗಳ ಮೇಲೆ ದ್ವೇಷ." ಖಂಡಿತ ಇಲ್ಲ. ಅವ್ವನ ಎರಡನೇ ಸರ್ಜನ್ "ಇದು ಮೊದಲಿನ ಹಾಗೆ ಆಗಲ್ಲಮ್ಮ. ನೋವು ಕಡಿಮೆ ಆಗಬಹುದು, ಕಾಲು ಪೂರ್ತಿ ಮಡಚೋದು ಕಷ್ಟ" ಅಂತ ಆಪರೇಷನ್ನಿಗೆ ಮುಂಚೆಯೇ ಹೇಳಿದರು. ಆ ಮನುಷ್ಯನಿಗೆ ಕೈ ಮುಗೀತೀನಿ. ಅಂಥವರಿಗೂ ರಿಜಿಸ್ಟ್ರಿ ಬೇಕು, ಇಲ್ಲದಿದ್ದರೆ ಅವರ ಒಳ್ಳೇ ಕೆಲಸವೂ ಲೆಕ್ಕಕ್ಕೆ ಸಿಗಲ್ಲ.

ಹಾಗಾದರೆ ಏನು ಮಾಡಬೇಕು? ದಿಲ್ಲಿ ಕಡೆ ನೋಡ್ತಾ ಕೂರೋದೇ ಬೇಡ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರಿಂದಲೇ ಕೆಪಿಎಂಇ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರುವಾಗ ಡಾಕ್ಟರುಗಳ ಮುಷ್ಕರ, ಬೆಳಗಾವಿ ಅಧಿವೇಶನದ ಗಲಾಟೆ ಎಲ್ಲ ನಿಮಗೆ ನೆನಪಿರಬಹುದು. ದರ, ಜೈಲು ಅಂತ ಜಗಳವಾಡಿದ ಎರಡೂ ಕಡೆಯವರು ಇದೊಂದನ್ನ ಒಪ್ಪೋಕೆ ಏನು ಕಷ್ಟ? ಕೀಲು ಹಾಕಿದ ಪ್ರತಿ ಆಸ್ಪತ್ರೆ ಪ್ರತಿ ಕೀಲಿನ ವಿವರ ಒಂದು ಕಡೆ ತುಂಬಬೇಕು, ಕಿತ್ತಾಗಲೂ ತುಂಬಬೇಕು, ಸ್ಟಿಕ್ಕರಿನ ಒಂದು ಪ್ರತಿ ರೋಗಿಗೆ ಕೊಡಬೇಕು. ಇಷ್ಟೇ. ಡೇಟಾಬೇಸ್ ಕಟ್ಟೋಕೆ ಜನ ಬೇಕಾದರೆ ಬೆಂಗಳೂರಿನಲ್ಲಿ ಕಲ್ಲೆಸೆದರೆ ಸಾಫ್ಟ್‌ವೇರಿನವನ ತಲೆ ಮೇಲೇ ಬೀಳತ್ತೆ!

ಇನ್ನೊಂದು, ರಿವಿಷನ್ ಕೇಸುಗಳು ಅದನ್ನೇ ಹೆಚ್ಚು ಮಾಡೋ ಕೆಲವೇ ಕೇಂದ್ರಗಳಿಗೆ ಹೋಗಬೇಕು. ಇಂಗ್ಲೆಂಡಿನಲ್ಲಿ ಅಂಥ ಜಾಲ ಕಟ್ಟಿದ್ದಾರೆ. ಆದರೆ ನಮ್ಮಂಥ ಊರುಗಳನ್ನ ಮರೀಬಾರದು. 2019ರ ಜೂನಿನಲ್ಲಿ ಕೊಡಗಿಗೊಂದು ಸರಿಯಾದ ಎಮರ್ಜೆನ್ಸಿ ಆಸ್ಪತ್ರೆ ಕೊಡಿ ಅಂತ ಟ್ವಿಟ್ಟರಿನಲ್ಲಿ ಎಲ್ಲರೂ ಕೂಗಿದ್ವಲ್ಲ, ಆ ಕೂಗು ಸುಮ್ಮನೆ ಹುಟ್ಟಿದ್ದಲ್ಲ. ನಾಪೋಕ್ಲಿನಿಂದ ಮೈಸೂರಿಗೇ ಸುಮಾರು 140 ಕಿಲೋಮೀಟರು. ಮಳೆ ಜೋರಾದರೆ ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೇ ಬರ್ತಾಳೆ, ಮೂರ್ನಾಡು ಕಡೆ ಹೋಗೋ ದಾರಿ ಬಂದ್. ಹೊಲಿಗೆ ಹಾಕಿದ ಕಾಲನ್ನ ಉದ್ದ ಚಾಚಿಕೊಂಡು ಹಿಂದಿನ ಸೀಟಿನಲ್ಲಿ ಅವ್ವ ಆ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದಳೋ. ಆಪರೇಷನ್ ದೊಡ್ಡ ಊರಿನಲ್ಲಾಗಲಿ, ಆಮೇಲಿನ ವ್ಯಾಯಾಮ, ತಪಾಸಣೆ ಮಡಿಕೇರಿಯಲ್ಲೇ ಸಿಗಲಿ.

ಕಾಯ್ದೆ ಬರೋವರೆಗೆ ನಾವು ಮಾಡಬಹುದಾದ್ದೂ ಇದೆ. ಆಪರೇಷನ್ನಿಗೆ ಮುಂಚೆ ಸರ್ಜನ್ನಿಗೆ ಕೇಳಿ, "ಇದು ಹಾಳಾದರೆ ಎರಡನೇ ಸಲದ್ದು ಹೇಗಿರತ್ತೆ? ನೀವು ವರ್ಷಕ್ಕೆ ಎಷ್ಟು ರಿವಿಷನ್ ಮಾಡ್ತೀರಿ?" ಸಿಟ್ಟಾದರೆ ಆಗಲಿ, ಉತ್ತರ ಸಿಕ್ಕ ಹಾಗೇ. ಆಗಲೇ ಆಗಿದ್ದರೆ ದಾಖಲೆಗೆ ಅರ್ಜಿ ಬರೆದುಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದೇ 2002ರ ನಿಯಮದಲ್ಲಿದೆ. ಮೂರು ವರ್ಷ ತುಂಬೋ ಮುಂಚೆ ಕೇಳಿ.

2023ರಲ್ಲಿ ಕೊಡವ ಹಾಕಿ ಉತ್ಸವ ನಮ್ಮ ನಾಪೋಕ್ಲಿನಲ್ಲೇ ಆಯ್ತು, ಅಪ್ಪಚೆಟ್ಟೋಳಂಡ ಕಪ್, 336 ತಂಡ. ಅವ್ವ ಗ್ಯಾಲರಿ ಹತ್ತಲಾಗದೆ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದಳು. ನೋಡಿದ್ದು ಮುಂದೆ ನಿಂತವರ ಬೆನ್ನು. "ಆಪರೇಷನ್ ಆದ್ಮೇಲೆ ಮೇಲೇ ಕೂರೋದು ನೋಡು" ಅಂದಳು. ಮರುವರ್ಷ 2024ರಲ್ಲಿ ಕುಂಡ್ಯೋಳಂಡ ಕಪ್ಪೂ ನಾಪೋಕ್ಲಿನಲ್ಲೇ, 360 ತಂಡ, ಗಿನ್ನೆಸ್ ದಾಖಲೆ. ಎರಡನೇ ಆಪರೇಷನ್ ಆಗಿ ಹತ್ತು ತಿಂಗಳ ಹತ್ತಿರ. ರಾತ್ರಿ ನಿದ್ದೆ ಕೆಡಿಸ್ತಿದ್ದ ನೋವು ಹೋಗಿತ್ತು, ಅದು ಸಣ್ಣ ವಿಷಯ ಅಲ್ಲ. ಕೋಲು ಹಿಡಿದು ಗ್ಯಾಲರಿ ತನಕ ಬಂದಳು, ಎರಡು ಮೆಟ್ಟಿಲು ಹತ್ತಿ ನಿಂತಳು, ಮೇಲೆ ನೋಡಿದಳು, ಇಳಿದಳು. ಮತ್ತೆ ಅದೇ ಕುರ್ಚಿ.

ಎರಡನೇ ಸಲದ್ದರ ಫಲಿತಾಂಶ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ. ಹದಿನೈದು ಮೆಟ್ಟಿಲಿನ ಗ್ಯಾಲರಿಯಲ್ಲಿ ಎರಡು.

ಮತ್ತೆ, ಈ ಸಲ ಅವ್ವನ ಸ್ಟಿಕ್ಕರ್ ನನ್ನ ಹತ್ತಿರ ಇದೆ. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ನಲವತ್ತು ನಿಮಿಷ ಜಗಳವಾಡಿ ತೊಗೊಂಡೆ. ಫೋಟೋ ತೆಗೆದು ಅಪ್ಪನಿಗೆ, ತಂಗಿಗೆ, ನನಗೇ ಮೇಲ್ ಮಾಡಿಟ್ಟಿದ್ದೀನಿ. ಕ್ಯಾಂಟೀನಿನ ಗೆಳೆಯನಿಗೂ ಹೇಳಿದ್ದೀನಿ, ಈಗ ಅವನೂ ಇಂಪ್ಲಾಂಟಿನ ಹೆಸರು ಕೇಳಿಕೊಂಡು ಬಂದಿದ್ದಾನೆ.

ನಿಮ್ಮನೆಯಲ್ಲೂ ಯಾರಿಗಾದರೂ ಆಗಿದ್ದರೆ ಇವತ್ತು ರಾತ್ರಿ ಫೋನ್ ಮಾಡಿ "ಸ್ಟಿಕ್ಕರ್ ಎಲ್ಲಿದೆ?" ಅಂತ ಕೇಳಿ. ಏನು ಉತ್ತರ ಬಂತು ಅಂತ ಕೆಳಗೆ ಬರೀರಿ. ಡಾಕ್ಟರುಗಳು ಯಾರಾದರೂ ಓದ್ತಿದ್ದರೆ, ನಾನು ತಪ್ಪು ಹೇಳಿದ ಕಡೆ ತಿದ್ದಿ. ಲೆಕ್ಕ ಸಮೇತ ತಿದ್ದಿದರೆ ಇನ್ನೂ ಸಂತೋಷ.